ಭೀಮೆಯ ನೀರು ಊರ ಕಡೆ ಹೊರಟಾಗ

ಪರಸ್ಥಳದಲ್ಲಿ ನೆಲೆಸಿದ ನಮ್ಮಂತಹ ಕನ್ನಡಿಗರಿಗೆ ಹುಟ್ಟಿದ ಊರಿನ ಸಂಬಂಧ ಉಳಿದುಬರುವುದು ಹಲವು ಬಗೆಗಳಲ್ಲಿ. ಕೆಲವರಿಗೆ ಕುಲದೇವರ ಜಾತ್ರೆ, ಕೆಲವರಿಗೆ ಪಾಲಿಗೆ ಬಂದ ನಾಲ್ಕೆಕರೆ ಹೊಲ, ಇನ್ನು ಕೆಲವರಿಗೆ ವರ್ಷಕ್ಕೊಮ್ಮೆ ಬರುವ ಜೋಳದ ಚೀಲ. ಪುಣೆ ಜಿಲ್ಲೆಯ ಇಂದಾಪುರದಲ್ಲಿ ಮನೆ ಮಾಡಿಕೊಂಡಿರುವ ನಮಗೆ ಆ ಸಂಬಂಧ ಒಂದು ಹೊಳೆಯದು. ಇಲ್ಲಿ ನಮ್ಮ ತಾಲೂಕಿನ ಬದಿಯನ್ನು ಮುಟ್ಟಿಕೊಂಡು ಹೋಗುವ ಭೀಮೆಯೇ ಮುಂದೆ ಪಂಢರಪುರವನ್ನು ದಾಟಿ, ಸೊಲ್ಲಾಪುರ ಮತ್ತು ವಿಜಯಪುರ ಜಿಲ್ಲೆಗಳ ನಡುವೆ ಗಡಿಯಾಗಿ ಹರಿದು, ಕಲಬುರಗಿ ಜಿಲ್ಲೆಯ ಅಫಜಲಪುರ ತಾಲೂಕಿನಲ್ಲಿ ನಮ್ಮ ಹಳ್ಳಿಯ ಹನುಮಪ್ಪನ ಗುಡಿಯ ಮೆಟ್ಟಿಲ ಕೆಳಗೆ ಹರಿಯುತ್ತಾಳೆ. ಇಲ್ಲಿ ಹೊಳೆಗೆ ಕೈಮುಗಿದರೆ ಊರಿಗೇ ಕೈಮುಗಿದಂತೆ ಎಂದು ನಮ್ಮ ತಾಯಿಯವರು ಹೇಳುತ್ತಿದ್ದರು.

ಭೀಮಾಶಂಕರದಲ್ಲಿ ಹುಟ್ಟಿ ರಾಯಚೂರು ಜಿಲ್ಲೆಯಲ್ಲಿ ಕೃಷ್ಣೆಯನ್ನು ಸೇರುವವರೆಗೆ ಈ ಹೊಳೆಯ ಉದ್ದ 861 ಕಿಲೋಮೀಟರು. ಇಂದಾಪುರ ತಾಲೂಕಿನ ತುದಿಯಲ್ಲಿ ನೀರಾ ನದಿಯು ಭೀಮೆಯನ್ನು ಕೂಡುವ ಸ್ಥಳವೇ ನರಸಿಂಗಪುರ. ಅಲ್ಲಿಯ ಲಕ್ಷ್ಮೀನರಸಿಂಹನು ಎಷ್ಟೋ ಕನ್ನಡ ಮನೆತನಗಳಿಗೂ ಕುಲದೇವರು. ದರ್ಶನಕ್ಕೆಂದು ಬಂದ ನೆಂಟರು ನಮ್ಮ ಮನೆಯಲ್ಲಿ ಒಂದು ಹೊತ್ತು ಊಟ ಮಾಡಿ ಹೋಗುವುದು ವಾಡಿಕೆ. ಹೀಗೆ ಹೊಳೆಯಿಂದ ನಮಗೆ ಬಂದದ್ದೆಲ್ಲ ಸಂತೋಷವೇ. ಅದೇ ಹೊಳೆ ನಮ್ಮ ಕಣ್ಣ ಮುಂದೆ ಬೆಳೆದು ನಮ್ಮ ಊರನ್ನು ಹೊಗಲು ಹೊರಟ ಪ್ರಸಂಗವನ್ನು ವಾಚಕ ಬಂಧುಗಳ ಮುಂದೆ ಇಡಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆವು. ಅದರಲ್ಲಿ ನಮ್ಮದೊಂದು ತಪ್ಪೂ ಇದೆ. ಆದುದರಿಂದಲೇ ಇಷ್ಟು ತಡವಾಯಿತು.

2020ರ ಅಕ್ಟೋಬರ ತಿಂಗಳು. ಕರೋನಾದ ವರ್ಷ, ಮಕ್ಕಳ ಶಾಲೆ ಮನೆಯಲ್ಲಿಯೇ, ಊರಿಗೆ ಹೋಗಿ ಬರುವುದು ನಿಂತು ಏಳೆಂಟು ತಿಂಗಳಾಗಿತ್ತು. ಮಳೆಗಾಲ ಮುಗಿಯಿತೆಂದು ಕೊಡೆಗಳನ್ನು ಒಣಗಿಸಿ ಕಟ್ಟಿಟ್ಟಾಗಿತ್ತು. ಅಷ್ಟರಲ್ಲಿ ಬಂಗಾಲ ಉಪಸಾಗರದಲ್ಲಿ ಎದ್ದ ವಾಯುಭಾರ ಕುಸಿತವು 13ನೆಯ ತಾರೀಖಿನ ಬೆಳಿಗ್ಗೆ ಆಂಧ್ರದ ಕಾಕಿನಾಡದ ಬಳಿ ದಡ ಹತ್ತಿತು. ಇಂತಹ ಮಾರುತ ಭೂಮಿಗೆ ಬಂದ ಮೇಲೆ ಸೋತು ಹೋಗುವುದು ರೂಢಿ. ಇದು ಹಾಗೆ ಸೋಲಲಿಲ್ಲ. ಆ ರಾತ್ರಿ ಹೈದರಾಬಾದನ್ನು ಮುಳುಗಿಸಿತು. ಕಲಬುರಗಿಯ ಕಡೆ ಕಾಗಿಣಾ ಹೊಳೆಯನ್ನು ಉಕ್ಕಿಸಿ ಸೇಡಂ, ಮಳಖೇಡಗಳಿಗೆ ನೀರು ನುಗ್ಗಿಸಿತು. ಸೊಲ್ಲಾಪುರವನ್ನು ದಾಟಿ 14ರಂದು ನಮ್ಮ ತಲೆಯ ಮೇಲೆ ಬಂತು.

ಆ ರಾತ್ರಿಯ ಮಳೆಯನ್ನು ಮಳೆ ಎನ್ನುವುದಕ್ಕಿಂತ ಆಕಾಶದಿಂದ ಹೊಳೆ ಬಿತ್ತೆನ್ನುವುದೇ ಸರಿ. ಎದುರು ಮನೆಯ ದೀಪ ಕಾಣಿಸದಾಯಿತು. ಬೇಸಿಗೆಯಲ್ಲಿ ಹುಡುಗರು ಚೆಂಡಾಡುವ ಹಳ್ಳ ಗುಡುಗಿನಂತೆ ಸದ್ದು ಮಾಡುತ್ತ ರಸ್ತೆಯ ಮೇಲೆ ಬಂತು. ಪುಣೆ-ಸೊಲ್ಲಾಪುರ ಹೆದ್ದಾರಿಯಲ್ಲಿ ವಾಹನಗಳು ನಿಂತುಬಿಟ್ಟವು. ಎಲೆಬಳ್ಳಿಯ ತೋಟಗಳಿಗೆ ಹೆಸರಾದ ನಮ್ಮ ನೆರೆಯ ನಿಮಗಾಂವ ಕೇತಕಿಗೆ ನೀರು ಹೊಕ್ಕು, ಜನರನ್ನು ಹೊರಗೆ ತರಬೇಕಾಯಿತು. ದೌಂಡ ತಾಲೂಕಿನ ಖಾನೋಟೆಯ ಬಳಿ ನೀರು ದಾಟಲು ಹೋದವರು ಕೊಚ್ಚಿಹೋದರು. ಪಂಢರಪುರದಲ್ಲಿ ಹೊಳೆಯ ದಂಡೆಯ ಕುಂಭಾರ ಘಾಟಿನ ಹೊಸ ಗೋಡೆ ಕುಸಿದು, ಮಳೆಗೆಂದು ಅದರ ಮರೆಯಲ್ಲಿ ನಿಂತಿದ್ದ ಆರು ಜನ ಪ್ರಾಣ ಬಿಟ್ಟರು. ಮಳೆಯಿಂದ ಕಾಪಾಡಲೆಂದು ಆಶ್ರಯಿಸಿದ ಗೋಡೆಯೇ ಮೃತ್ಯುವಾಯಿತೆಂದರೆ ಏನು ಹೇಳೋಣ!

ಮರುದಿನ ಬೆಳಿಗ್ಗೆ ಊರಿನಿಂದ ಕಾಕಾ ಅವರ ಫೋನು ಬಂತು. ನಮ್ಮ ತಂದೆಯ ತಮ್ಮ; ಎಪ್ಪತ್ತು ದಾಟಿದವರು; ಮನೆ, ಹೊಲ, ದನಗಳನ್ನು ನೋಡಿಕೊಂಡು ಊರಲ್ಲೇ ಇರುವವರು.

“ಇಲ್ಲಿ ಮಳಿ ನಿಂತದ ನೋಡು ತಮ್ಮಾ, ಬಿಸಿಲು ಬಿದ್ದದ. ತೊಗರಿ ನೋಡಿಕೊಂಡು ಈಗ ಬಂದೆ. ನಿಮ್ಮ ಕಡಿ ಭಾಳ ಆಗ್ಯದಂತ. ಹೊಳಿ ಬರ್ತದೇನು?”

ನಾವು ರಾತ್ರಿಯೆಲ್ಲ ನಿದ್ದೆಗೆಟ್ಟಿದ್ದೆವು. ಮನೆಯೊಳಗಿನ ನೀರನ್ನು ಎತ್ತಿ ಹಾಕುವ ಗಡಿಬಿಡಿಯಲ್ಲಿದ್ದೆವು. ತಿಳಿದವರ ಹಾಗೆ ಹೇಳಿಬಿಟ್ಟೆವು: “ಉಜನಿ ಆಣೆಕಟ್ಟು ಅದ ಅಲ್ಲರಿ ಕಾಕಾ, ಅದು ಹಿಡೀತದ. ನೀವೇನೂ ಚಿಂತಿ ಮಾಡಬ್ಯಾಡ್ರಿ.”

“ಹಂಗಾದ್ರ ಸರಿ,” ಎಂದರು ಕಾಕಾ. ಅವರ ದನಿಯಲ್ಲಿ ಕಂಡ ನೆಮ್ಮದಿ ನಮಗೆ ಇಂದಿಗೂ ಚುಚ್ಚುತ್ತದೆ.

ಈ ಉಜನಿಯ ವಿಷಯ ಸ್ವಲ್ಪ ಹೇಳಬೇಕು. ಸೊಲ್ಲಾಪುರ ಜಿಲ್ಲೆಯ ಮಾಢಾ ತಾಲೂಕಿನಲ್ಲಿ ಭೀಮೆಗೆ ಕಟ್ಟಿದ ಈ ಆಣೆಕಟ್ಟು ಮುಗಿದದ್ದು 1980ರಲ್ಲಿ. ಅದರಲ್ಲಿ ಸುಮಾರು 117 ಟಿ.ಎಂ.ಸಿ. ನೀರು ನಿಲ್ಲುತ್ತದೆ. ಅದರ ಹಿನ್ನೀರು ಹರಡಿರುವುದು ಬಹುಪಾಲು ನಮ್ಮ ಇಂದಾಪುರ, ಆಚೆಯ ಕರಮಾಳಾ, ಮೇಲಿನ ದೌಂಡ ತಾಲೂಕುಗಳಲ್ಲಿ. ಚಳಿಗಾಲದಲ್ಲಿ ಭಿಗವಣದ ಕಡೆ ರಾಜಹಂಸಗಳು ಬಂದು ಇಳಿಯುವುದನ್ನು ನೋಡಲು ಪುಣೆಯವರು ಕುಟುಂಬ ಸಮೇತ ಬರುತ್ತಾರೆ. ಆದರೆ ಆ ನೀರಿನ ಕೆಳಗೆ ಹಳ್ಳಿಗಳಿವೆ. ನೀರು ಬಹಳ ಇಳಿದ ಬೇಸಿಗೆಗಳಲ್ಲಿ ಪಳಸದೇವದ ಹಳೆಯ ದೇವಾಲಯ ಮೆಲ್ಲನೆ ತಲೆ ಎತ್ತುತ್ತದೆ. ಆಗ ಊರು ಬಿಟ್ಟು ಎತ್ತರಕ್ಕೆ ಹೋದ ಮುದುಕರು ಬಂದು, ಇಲ್ಲಿ ನಮ್ಮ ಕಟ್ಟೆ, ಇಲ್ಲಿ ನಮ್ಮ ಬಾವಿ ಎಂದು ಮೊಮ್ಮಕ್ಕಳಿಗೆ ತೋರಿಸುವುದನ್ನು ನಾವು ಕಂಡಿದ್ದೇವೆ. ಊರು ನೀರಿಗೆ ಹೋಗುವುದೆಂದರೆ ಏನೆಂದು ಇಂದಾಪುರದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಅಂತಹ ಮುದುಕರಲ್ಲಿ ಒಬ್ಬರು ನಮ್ಮ ನೆರೆಮನೆಯ ಆಜೋಬಾ. ಕಾಲುವೆಯ ಕೆಲಸದಲ್ಲಿ ಇದ್ದು ನಿವೃತ್ತರಾದವರು. ಆ ಮಧ್ಯಾಹ್ನ ಅಂಗಳದ ಕೆಸರು ಬಳಿಯುತ್ತ, ಊರಿಗೆ ಹೀಗೆ ಹೇಳಿದೆವೆಂದು ಅವರಿಗೆ ಹೇಳಿದೆವು. ಅವರು ಕೈಯಲ್ಲಿದ್ದ ಸಲಿಕೆ ನಿಲ್ಲಿಸಿದರು. ತುಂಬಿದ ಕೊಡಕ್ಕೆ ಮತ್ತೆ ನೀರು ಹೊಯ್ದರೆ ಕೊಡ ಹಿಡಿದೀತೇ ಎಂದು ಮರಾಠಿಯಲ್ಲಿ ಕೇಳಿದರು.

ಸಂಗತಿ ಅಷ್ಟೇ. ಜೂನಿನಲ್ಲಿ ಬರುವ ನೆರೆಗೆ ಆಣೆಕಟ್ಟಿನಲ್ಲಿ ಜಾಗವಿರುತ್ತದೆ. ಅಕ್ಟೋಬರದಲ್ಲಿ, ಬೇಸಿಗೆಗೆಂದು ನೀರು ತುಂಬಿಸಿಟ್ಟ ಮೇಲೆ, ಜಾಗವೆಲ್ಲಿಂದ ಬರಬೇಕು? ಮೇಲಿನಿಂದ ಎಷ್ಟು ಬರುತ್ತದೋ ಹೆಚ್ಚುಕಡಿಮೆ ಅಷ್ಟನ್ನು ಕೆಳಗೆ ಬಿಡಲೇಬೇಕು. ಇಲ್ಲವಾದರೆ ಕಟ್ಟೆಗೇ ಅಪಾಯ. ಒಂದು ಲಕ್ಷ ಕ್ಯೂಸೆಕ್ಸು ನೀರು ಒಂದು ಹಗಲು ಒಂದು ರಾತ್ರಿ ಹರಿದರೆ 8.64 ಟಿ.ಎಂ.ಸಿ. ಆಗುತ್ತದೆ. ಆ ದಿನಗಳಲ್ಲಿ ಉಜನಿಯಿಂದ ಬಿಟ್ಟದ್ದು ಎರಡು ಲಕ್ಷ ಕ್ಯೂಸೆಕ್ಸನ್ನು ಮೀರಿತ್ತು. ಅದರ ಕೆಳಗೆ ನರಸಿಂಗಪುರದಲ್ಲಿ ನೀರಾ ಬಂದು ಕೂಡುತ್ತದೆ, ಇನ್ನೂ ಕೆಳಗೆ ಕೂಡಲದಲ್ಲಿ ಸೀನಾ, ಆಮೇಲೆ ಬೋರಿ, ಗಾಣಗಾಪುರದಲ್ಲಿ ಅಮರಜಾ. ಇವೆಲ್ಲ ಅದೇ ಮಳೆಗೆ ತುಂಬಿದ ಹೊಳೆಗಳೇ.

ಇನ್ನೊಂದು ವಿಚಿತ್ರವನ್ನು ಗಮನಿಸಬೇಕು. ಮಳೆ ಹೋದದ್ದು ನಮ್ಮ ಊರಿನಿಂದ ಇಂದಾಪುರದ ಕಡೆಗೆ, ಪೂರ್ವದಿಂದ ಪಶ್ಚಿಮಕ್ಕೆ. ನೀರು ಹರಿಯುವುದು ಇಂದಾಪುರದಿಂದ ಊರಿನ ಕಡೆಗೆ. ಊರವರು ಮಳೆ ಹೋಯಿತೆಂದು ಕಂಬಳಿ ಬಿಸಿಲಿಗೆ ಹಾಕುವ ಹೊತ್ತಿನಲ್ಲಿಯೇ ಆ ಮಳೆ ಹೊಳೆಯಾಗಿ ತಿರುಗಿ ಬರುತ್ತಿತ್ತು. ನಮ್ಮಲ್ಲಿಯ ಹಳ್ಳ ಅರ್ಧ ಗಳಿಗೆಯಲ್ಲಿ ಬಂದು ಹೊಡೆಯಿತು. ಅದಕ್ಕೆ ಯಾರೂ ಮೊದಲೇ ಸುದ್ದಿ ಕೊಡುವಂತಿರಲಿಲ್ಲ. ಊರಿಗೆ ಹೊರಟ ನೀರಿಗೆ ಮಾತ್ರ ಒಂದೆರಡು ದಿನದ ದಾರಿ ಇತ್ತು. ಆ ಹೊತ್ತಿನಲ್ಲಿ ಅರ್ಧ ದಿನವನ್ನು ನಾವು ಒಂದು ಮಾತಿನಿಂದ ಹಾಳುಮಾಡಿದ್ದೆವು.

ಕೂಡಲೆ ಫೋನು ಹಚ್ಚಿದೆವು. ಕಾಕಾ ಅವರ ಫೋನು ಬಂದಾಗಿತ್ತು. ಊರಲ್ಲಿ ಮೂರು ದಿನದಿಂದ ಕರೆಂಟಿಲ್ಲ, ಚಾರ್ಜು ಮುಗಿದಿತ್ತು. ತಂಗಿಯ ಮನೆಗೆ ಹಚ್ಚಿದರೆ ಅವರು ಕಲಬುರಗಿಯಲ್ಲಿ. ಕೊನೆಗೆ ಊರಿನ ಕಿರಾಣಿ ಅಂಗಡಿಯವರ ಮಗ ಸಿಕ್ಕ. ಅವನು ಫೋನು ಹಿಡಿದುಕೊಂಡೇ ಓಡಿದ. ಕಾಕಾ ಅವರ ದನಿ ಕೇಳುವವರೆಗೆ ಆದ ಹತ್ತು ನಿಮಿಷ ನಮಗೆ ಯುಗವಾಯಿತು.

“ಕಾಕಾ, ನಾವು ಮುಂಜಾನಿ ಹೇಳಿದ್ದು ತಪ್ಪು. ನೀರು ಬಿಟ್ಟಾರ. ಭಾಳ ಬಿಟ್ಟಾರ. ಹೊರಡ್ರಿ.”

“ಹನುಮಪ್ಪನ ಮೂರನೇ ಮೆಟ್ಟಿಲ ಹೊಳಿ ಎಂದೂ ದಾಟಿಲ್ಲ ತಮ್ಮಾ.”

“ಈ ಸಲ ದಾಟತದರಿ ಕಾಕಾ. ನಮ್ಮ ಆಣಿ ಅದ.”

ಸ್ವಲ್ಪ ಹೊತ್ತು ಮಾತಿಲ್ಲ. ಬಳಿಕ “ಎಮ್ಮಿ ಬಿಚ್ಚತೀನಿ” ಎಂದಷ್ಟೇ ಹೇಳಿದರು. ಆ ಸಂಜೆ ತಾಲೂಕಿನಿಂದಲೂ ಸುದ್ದಿ ಬಂದು ಡಂಗುರ ಹೊಡೆಸಿದರಂತೆ. ಜೋಳದ ಚೀಲ, ಕಾಗದಪತ್ರದ ಟ್ರಂಕು, ದೇವರ ಮನೆಯ ಮೂರ್ತಿಗಳು, ಆಡು, ಎಮ್ಮೆಗಳೊಡನೆ ಕಾಕಾ, ಕಾಕು ಇಬ್ಬರೂ ದಿಬ್ಬದ ಮೇಲಿನ ಶಾಲೆಗೆ ಸೇರಿದರು. ಹೊಳೆ ಮರುರಾತ್ರಿ ಬಂತು. ಅಬ್ಬರವಿಲ್ಲದೆ, ಬೆಳದಿಂಗಳಿಲ್ಲದ ಕತ್ತಲೆಯಲ್ಲಿ, ಒಂದೊಂದೇ ಮೆಟ್ಟಿಲು ಹತ್ತಿ ಬಂತು. ಮೂರನೆಯ ಮೆಟ್ಟಿಲಲ್ಲಿ ನಿಲ್ಲಲಿಲ್ಲ, ಗರ್ಭಗುಡಿಯನ್ನೇ ಹೊಕ್ಕಿತು.

ಆ ವಾರ ಭೀಮಾತೀರದ ಹಳ್ಳಿ ಹಳ್ಳಿಯಲ್ಲಿಯೂ ಇದೇ ಕಥೆ. ಗಾಣಗಾಪುರದ, ಘತ್ತರಗಿಯ ಸೇತುವೆಗಳು ಮುಳುಗಿದವು. ಸೈನ್ಯದವರೂ ವಿಪತ್ತು ಪಡೆಯವರೂ ದೋಣಿ ತಂದರು. 21ರಂದು ಅಂದಿನ ಮುಖ್ಯಮಂತ್ರಿ ಯಡಿಯೂರಪ್ಪನವರು ವಿಮಾನದಿಂದ ನೆರೆ ಪ್ರದೇಶವನ್ನು ನೋಡಿದರು.

ನಾವು ಊರಿಗೆ ಹೋದದ್ದು ದೀಪಾವಳಿ ಮುಗಿದ ಮೇಲೆ. ಹೂವು ಬಿಡುವ ಹೊತ್ತಿನ ತೊಗರಿ ನಿಂತಲ್ಲಿಯೇ ಕರ್ರಗೆ ಕೊಳೆತಿತ್ತು. ಹತ್ತಿ ಕೆಸರಿನ ಮುದ್ದೆಯಾಗಿತ್ತು. ಅಜ್ಜ ಕಟ್ಟಿಸಿದ ಮಾಳಿಗೆ ಮನೆಯ ಪಡುವಣ ಗೋಡೆ ಕುಳಿತುಬಿಟ್ಟಿತ್ತು. ಉಳಿದ ಗೋಡೆಗಳ ಮೇಲೆ ಎದೆಯೆತ್ತರಕ್ಕೆ ನೀರಿನ ಗೆರೆ ಗಾರೆ ಕೆಲಸದವನು ದಾರ ಹಿಡಿದು ಎಳೆದಂತೆ ಇತ್ತು. ಕಾಕು ಆ ಗೆರೆಯ ಕೆಳಗೇ ಒಲೆ ಹೂಡಿ ನಮಗೆ ರೊಟ್ಟಿ ಬಡಿದರು.

ಊಟವಾದ ಮೇಲೆ, ಮುಂಜಾನೆಯ ಮಾತಿಗಾಗಿ ಕಾಕಾ ಅವರ ಕ್ಷಮೆ ಕೇಳಿದೆವು. ಅವರು ನಕ್ಕರು.

“ನೀ ಕಟ್ಟಿ ನಂಬಿದಿ, ನಾ ಮೆಟ್ಟಿಲ ನಂಬಿದೆ. ಇಬ್ಬರೂ ಹೊಳಿ ಕಡಿ ನೋಡಲಿಲ್ಲ.”

ಈ ಮಾತಿನಲ್ಲಿ ಎಷ್ಟು ಅರ್ಥವಿದೆ! ಪುಣೆಯ ಹಿರಿಯರಿಗೆ 1961ರ ಜುಲೈ 12 ನೆನಪಿರಬಹುದು. ಅಂದು ಬೆಳಿಗ್ಗೆ, ಇನ್ನೂ ಪೂರ್ತಿಯಾಗದಿದ್ದ ಪಾನಶೇತ ಆಣೆಕಟ್ಟು ಒಡೆದು, ಅದರ ನೀರಿನ ಭಾರಕ್ಕೆ ಖಡಕವಾಸಲಾದ ಹಳೆಯ ಕಟ್ಟೆಯೂ ಒಡೆದು, ಮುಠಾ ಹೊಳೆ ಪೇಟೆಗಳನ್ನು ಹೊಕ್ಕಿತು. ಸತ್ತವರು ಸುಮಾರು ಸಾವಿರವೆಂದು ಅಂದಾಜು. ಹಿಂದಿನ ರಾತ್ರಿ ಸೈನಿಕರು ಮರಳಿನ ಚೀಲ ಹೊತ್ತು ಕಟ್ಟೆಯನ್ನು ಉಳಿಸಲು ಹೆಣಗುತ್ತಿದ್ದಾಗ, ಕೆಳಗಿನ ಪೇಟೆಗಳಲ್ಲಿ ಜನ ಕಟ್ಟೆಯ ನಂಬುಗೆಯಿಂದಲೇ ಮಲಗಿದ್ದರು. ಆ ಮುಠೆಯೂ ಕೊನೆಗೆ ಬಂದು ಸೇರುವುದು ನಮ್ಮ ಭೀಮೆಯನ್ನೇ.

ಆಣೆಕಟ್ಟುಗಳನ್ನು ನಾವು ಹಳಿಯುತ್ತಿಲ್ಲ. ಉಜನಿಯ ನೀರಿಲ್ಲದಿದ್ದರೆ ಸೊಲ್ಲಾಪುರದವರು ಏನು ಕುಡಿಯಬೇಕು? ನಮ್ಮ ದಾಳಿಂಬೆ, ಕಬ್ಬಿನ ಗತಿಯೇನು? ಆದರೆ ಕಟ್ಟೆ ಇದೆ ಎಂಬುದು ಕಣ್ಣು ಮುಚ್ಚಿಕೊಳ್ಳಲು ಕಾರಣವಾಗಬಾರದು. 2025ರ ಸೆಪ್ಟೆಂಬರದಲ್ಲಿ ಸೀನಾ ಉಕ್ಕಿ ಸೊಲ್ಲಾಪುರ ಜಿಲ್ಲೆಯನ್ನು ಗೋಳಾಡಿಸಿ, ಭೀಮೆ ಮತ್ತೆ ಕಲಬುರಗಿಯ ಹಳ್ಳಿಗಳಿಗೆ ನುಗ್ಗಿದಾಗ ಇದು ಮತ್ತೊಮ್ಮೆ ಸಿದ್ಧವಾಯಿತು. ಆ ಸಲ ಮಾತ್ರ ನಾವು ಕಾಕಾ ಅವರ ಫೋನಿಗೆ ಕಾಯಲಿಲ್ಲ.

ಸಂಘದ ಬಂಧುಗಳಲ್ಲಿ ನಮ್ಮದೊಂದು ವಿನಂತಿ. ಮುಂಬಯಿ, ಪುಣೆ, ಕೊಲ್ಹಾಪುರ, ಸಾಂಗಲಿ, ಸೊಲ್ಲಾಪುರಗಳಲ್ಲಿ ಇರುವ ನಮ್ಮಲ್ಲಿ ಎಷ್ಟೋ ಜನರ ಊರುಗಳು ಕೃಷ್ಣೆಯ, ಭೀಮೆಯ ಕೆಳದಂಡೆಯಲ್ಲಿವೆ. ಹೊಳೆಯ ಸುದ್ದಿ ಊರಿಗಿಂತ ಮೊದಲು ನಮಗೆ ತಿಳಿಯುತ್ತದೆ. ಉಜನಿ, ವೀರ, ಕೊಯ್ನಾಗಳಿಂದ ಎಷ್ಟು ನೀರು ಬಿಟ್ಟರೆಂದು ಇಲ್ಲಿಯ ಪತ್ರಿಕೆಗಳಲ್ಲಿ ದಿನವೂ ಬರುತ್ತದೆ. ಅದನ್ನು ಓದಿ ಊರಿಗೆ ತಿಳಿಸುವುದು ನಮ್ಮ ಕರ್ತವ್ಯ. ಊರಲ್ಲಿ ಒಬ್ಬರದಲ್ಲ, ನಾಲ್ಕು ಮನೆಯ ಫೋನು ನಂಬರು ಬರೆದಿಟ್ಟುಕೊಳ್ಳಿರಿ. ಹೊಳೆ ಬರುವ ಹೊತ್ತಿಗೆ ಕರೆಂಟು ಇರುವುದಿಲ್ಲ. ಮನೆಯ ಕಾಗದಪತ್ರಗಳ ಒಂದು ಪ್ರತಿ ನಿಮ್ಮಲ್ಲಿರಲಿ. ನೆರೆಯ ಪರಿಹಾರಕ್ಕೆ ಮೊದಲು ಕೇಳುವುದು ಅದನ್ನೇ. ಹರಿಯುವ ಹಳ್ಳವನ್ನು ಗಾಡಿಯ ಮೇಲೆ ದಾಟಬಾರದೆಂದು ಮಕ್ಕಳಿಗೆ ಹೇಳಿರಿ. ಎರಡು ಅಡಿ ನೀರಿನ ಸೆಳೆತಕ್ಕೆ ಮೋಟಾರು ಕೂಡ ನಿಲ್ಲದು. ಎಲ್ಲಕ್ಕಿಂತ ಮುಖ್ಯವಾಗಿ, ಊರಿನ ಹಿರಿಯರು ಹೊಳೆ ಬರುತ್ತದೇನು ಎಂದು ಕೇಳಿದರೆ, ತಿಳಿಯದೆ ಧೈರ್ಯ ಹೇಳಬೇಡಿರಿ. ವಿಚಾರಿಸಿ ಹೇಳುತ್ತೇವೆ ಎನ್ನಿರಿ, ಮತ್ತು ವಿಚಾರಿಸಿರಿ.

ಬಿದ್ದ ಗೋಡೆಯನ್ನು ಕಾಕಾ ಮತ್ತೆ ಕಟ್ಟಿಸಿದ್ದಾರೆ. ಹೊಸ ಸುಣ್ಣ ಹಚ್ಚುವಾಗ ಒಳಗೋಡೆಯ ನೀರಿನ ಗೆರೆಯನ್ನು ಮಾತ್ರ ಹಾಗೆಯೇ ಬಿಡಿಸಿದ್ದಾರೆ. ನಮ್ಮ ಮಕ್ಕಳು ರಜೆಗೆ ಹೋದಾಗ ಅದರ ಪಕ್ಕ ನಿಂತು ತಮ್ಮ ಎತ್ತರ ಅಳೆದುಕೊಳ್ಳುತ್ತಾರೆ. ಹಿರಿಯವನ ತಲೆ ಈಗ ಗೆರೆಯನ್ನು ದಾಟಿದೆ. ಕಿರಿಯವಳದು ಇನ್ನೂ ದಾಟಿಲ್ಲ.