ಕೂಡಿ ಹಾಡೋಣ, ಕೂಡಿ ಮಾತಾಡೋಣ



ಮೈಬಣ್ಣ ನೋಡಿ ಮನುಷ್ಯನ ಬೆಲೆ ಕಟ್ಟುವುದಕ್ಕೆ ವರ್ಣಭೇದವೆಂದು ಹೆಸರು. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ 1960ರ ದಶಕದವರೆಗೂ ಇದಕ್ಕೆ ಕಾನೂನಿನ ಬೆಂಬಲವಿತ್ತು. ಕಪ್ಪುಜನರಿಗೆ ಬೇರೆ ಶಾಲೆ, ಬೇರೆ ನೀರಿನ ನಲ್ಲಿ, ಬಸ್ಸಿನಲ್ಲಿ ಹಿಂದಿನ ಆಸನ. ಬಿಳಿಯರ ಪಂಕ್ತಿಯಲ್ಲಿ ಅವರು ಊಟಕ್ಕೆ ಕೂರುವಂತಿರಲಿಲ್ಲ. ಇಂಥ ಭೇದ ನಮಗೂ ಹೊಸದಲ್ಲ. ಆದಕಾರಣ ಅಲ್ಲಿನ ಜನ ಅದನ್ನು ಎದುರಿಸಿದ ಒಂದು ದಾರಿಯನ್ನು ನಾವು ತಿಳಿಯುವುದು ಒಳ್ಳೆಯದು. ಆ ದಾರಿಗೆ ಬೇಕಾದುವು ಎರಡೇ: ಹಾಡು ಮತ್ತು ಮಾತು.

ಬೆಟ್ಟದ ಮೇಲಿನ ಶಾಲೆ

ಟೆನೆಸ್ಸೀ ರಾಜ್ಯದ ಬೆಟ್ಟಸೀಮೆಯಲ್ಲಿ 1932ರಲ್ಲಿ ಮೈಲ್ಸ್ ಹಾರ್ಟನ್ ಮತ್ತು ಡಾನ್ ವೆಸ್ಟ್ ಎಂಬ ಇಬ್ಬರು ‘ಹೈಲ್ಯಾಂಡರ್’ ಎಂಬ ಜನತಾ ಶಾಲೆಯನ್ನು ತೆರೆದರು. ಡೆನ್ಮಾರ್ಕ್ ದೇಶದಲ್ಲಿ ರೈತರು ಕೂಡಿ ಹಾಡುತ್ತ, ಚರ್ಚಿಸುತ್ತ ಕಲಿಯುವ ಶಾಲೆಗಳಿದ್ದುವು. ಹಾರ್ಟನ್ ಅವುಗಳನ್ನು ಕಣ್ಣಾರೆ ನೋಡಿ ಬಂದಿದ್ದರು. ನಮ್ಮ ನಾಡಿನಲ್ಲಿ ವಯಸ್ಕರ ಶಿಕ್ಷಣ ಸಮಿತಿಯವರು ಹಳ್ಳಿಯ ತರುಣರಿಗಾಗಿ ನಡೆಸಿದ ವಿದ್ಯಾಪೀಠಗಳಿಗೂ ಅವೇ ಮಾದರಿ.

ಹೈಲ್ಯಾಂಡರಿನಲ್ಲಿ ಪರೀಕ್ಷೆಯಿಲ್ಲ, ಪದವಿಯಿಲ್ಲ. ರೈತರು, ಗಣಿ ಕೆಲಸದವರು, ಗಿರಣಿಯ ಆಳುಗಳು ಬರುತ್ತಿದ್ದರು. ಕಪ್ಪುಜನರೂ ಬಿಳಿಯರೂ ಒಂದೇ ಸೂರಿನಡಿ ಮಲಗಿ, ಒಂದೇ ಮೇಜಿನಲ್ಲಿ ಉಂಡು, ದುಂಡಗೆ ಕುಳಿತು ತಮ್ಮ ತಮ್ಮ ಕಷ್ಟ ಹೇಳಿಕೊಳ್ಳುತ್ತಿದ್ದರು. ಹಾರ್ಟನ್ನರ ಪತ್ನಿ ಜಿಲ್ಫಿಯಾ ಎಲ್ಲರಿಂದಲೂ ಹಾಡಿಸುತ್ತಿದ್ದರು. ಬಂದವರಿಂದ ಹಾಡು ಕಲಿತು, ಮುಂದೆ ಬಂದವರಿಗೆ ಕಲಿಸುತ್ತಿದ್ದರು. ಚಾರ್ಲ್ಸ್‌ಟನ್ ನಗರದ ತಂಬಾಕು ಕಾರ್ಖಾನೆಯ ಕೆಲಸಗಾರ್ತಿಯರು 1945–46ರ ಮುಷ್ಕರದಲ್ಲಿ ಹಾಡಿದ ಒಂದು ಹಾಡು ಹೀಗೆಯೇ ಅಲ್ಲಿಗೆ ಬಂತು. ‘ವಿ ಶಲ್ ಓವರ್‌ಕಮ್’ ಎಂಬ ಆ ಹಾಡು ಇಂದು ನಮ್ಮ ಶಾಲೆಗಳ ಮಕ್ಕಳ ಬಾಯಲ್ಲಿ ಕನ್ನಡದಲ್ಲಿಯೂ ಕೇಳಿಬರುತ್ತದೆ.

ಮಾತಿನಿಂದ ಕೆಲಸ

ಹಾಡಿದ ಮಾತ್ರಕ್ಕೆ ಭೇದ ಹೋಗುವುದಿಲ್ಲ. ಹಾಡು ಬಿಗಿದ ಮನಸ್ಸನ್ನು ಸಡಿಲಿಸುತ್ತದೆ; ಅಪರಿಚಿತರನ್ನು ಒಂದೇ ಉಸಿರಿಗೆ ತರುತ್ತದೆ. ಉತ್ತ ನೆಲದಂತೆ ಅದು ಹದ ಮಾತ್ರ. ಬಿತ್ತನೆ ಮಾತಿನಿಂದ ಆಗಬೇಕು. ಬೆಳೆ ಕೆಲಸದಲ್ಲಿ ಕಾಣಬೇಕು.

ದಕ್ಷಿಣ ಕೆರೊಲಿನಾದ ಜಾನ್ಸ್ ದ್ವೀಪದ ಈಸಾ ಜೆಂಕಿನ್ಸ್ ಹೈಲ್ಯಾಂಡರಿನ ಕೂಟದಲ್ಲಿ ತಮ್ಮ ಜನರ ತೊಂದರೆ ಹೇಳಿದರು: ಓದಲು ಬಾರದವರಿಗೆ ಅಲ್ಲಿ ಮತದಾರರ ಪಟ್ಟಿಯಲ್ಲಿ ಸ್ಥಾನವಿರಲಿಲ್ಲ. ಆ ಮಾತಿನ ಫಲವಾಗಿ 1957ರ ಜನವರಿಯಲ್ಲಿ ದ್ವೀಪದ ಸಹಕಾರಿ ಅಂಗಡಿಯ ಹಿಂದಿನ ಕೋಣೆಯಲ್ಲಿ ವಯಸ್ಕರ ತರಗತಿ ಆರಂಭವಾಯಿತು. ಮುಂದೆ ದಿನಸಿ ವ್ಯಾಪಾರ. ಹಿಂದೆ ಅಕ್ಷರ ಕಲಿಕೆ. ಮೊದಲ ತರಗತಿಯಲ್ಲಿದ್ದವರು 14 ಮಂದಿ. ಕಲಿಸಿದವರು ಬರ್ನಿಸ್ ರಾಬಿನ್ಸನ್. ಅವರ ಕಸುಬು ಹೆಂಗಸರ ಕೂದಲು ಸಿಂಗರಿಸುವುದು. ಮುಂದೆ ಇಂಥ ತರಗತಿಗಳು ದಕ್ಷಿಣದ ಅನೇಕ ರಾಜ್ಯಗಳಿಗೆ ಹಬ್ಬಿದುವು. 1965ರಲ್ಲಿ ಮತದಾನದ ಹಕ್ಕಿನ ಕಾಯಿದೆ ಬಂತು.

ಇದೇನೂ ಸುಲಭದ ದಾರಿಯಾಗಿರಲಿಲ್ಲ. 1959ರ ಜುಲೈ ತಿಂಗಳ ಒಂದು ರಾತ್ರಿ ಪೊಲೀಸರು ಹೈಲ್ಯಾಂಡರಿಗೆ ನುಗ್ಗಿದರು. ಕತ್ತಲಲ್ಲಿ ಕುಳಿತವರೊಳಗಿನ ಒಬ್ಬ ಹುಡುಗಿ, ತಮಗೆ ಭಯವಿಲ್ಲವೆಂಬ ಅರ್ಥದ ಹೊಸ ನುಡಿ ಕಟ್ಟಿ ಅದೇ ಹಾಡಿಗೆ ಸೇರಿಸಿದಳು, ಎಲ್ಲರೂ ದನಿಗೂಡಿಸಿದರು. 1961ರಲ್ಲಿ ಸರ್ಕಾರ ಶಾಲೆಯ ಪರವಾನಗಿಯನ್ನು ರದ್ದುಮಾಡಿ ಆಸ್ತಿಯನ್ನು ವಶಪಡಿಸಿಕೊಂಡಿತು. ಶಾಲೆ ಬೇರೆ ಊರಿಗೆ ಹೋಯಿತೇ ಹೊರತು ನಿಲ್ಲಲಿಲ್ಲ, ಇಂದಿಗೂ ನಡೆಯುತ್ತಿದೆ.

ನಮ್ಮ ಊರಿನಲ್ಲಿ

ನಮ್ಮ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ ಕಡೆಗಳಲ್ಲಿ ಸಿದ್ದಿ ಜನರಿದ್ದಾರೆ. ಅವರ ಹಿರಿಯರು ಶತಮಾನಗಳ ಹಿಂದೆ ಆಫ್ರಿಕದಿಂದ ಬಂದವರು. ಅವರ ಡಮಾಮಿ ಕುಣಿತಕ್ಕೆ ಚಪ್ಪಾಳೆ ತಟ್ಟಿ, ಮರುದಿನ ಅವರ ಬಣ್ಣ, ಕೂದಲು ನೋಡಿ ನಗುವುದಾದರೆ ಆ ಚಪ್ಪಾಳೆಗೆ ಬೆಲೆಯೇನು? ಜಾತ್ರೆಗೆ ತಮಟೆ ಬೇಕು, ತಮಟೆ ಬಡಿಯುವವನು ಮಾತ್ರ ಹೊರಗೆ ನಿಲ್ಲಬೇಕು ಎಂಬುದೂ ಇದೇ ಬಗೆಯ ಅನ್ಯಾಯ. ಅಸ್ಪೃಶ್ಯತೆಯನ್ನು ಸಂವಿಧಾನದ 17ನೆಯ ವಿಧಿ ರದ್ದುಮಾಡಿದೆ. ಕಾನೂನು ಬಾಗಿಲು ತೆರೆಯಬಲ್ಲದು. ಒಳಗೆ ಕರೆದು ಕೂರಿಸಬೇಕಾದವರು ನಾವು.

ನಿಮ್ಮ ಊರಿನಲ್ಲಿ ತಿಂಗಳಿಗೊಂದು ಸಂಜೆ ಹೀಗೆ ಮಾಡಬಹುದು:

1. ಎಲ್ಲರೂ ಅಳುಕಿಲ್ಲದೆ ಬರಬಹುದಾದ ಜಾಗ ಆರಿಸಿ. ಶಾಲೆಯ ಅಂಗಳವಾದರೆ ಒಳಿತು. ಒಂದೇ ಜಮಖಾನೆ, ಎಲ್ಲರಿಗೂ ಒಂದೇ ಬಗೆಯ ಲೋಟ ಇರಲಿ.

2. ಒಬ್ಬರು ಹಾಡಿ ಉಳಿದವರು ಕೇಳುವುದಕ್ಕಿಂತ ಎಲ್ಲರೂ ದನಿಗೂಡಿಸುವ ಹಾಡು ಮೇಲು. ಸೋಬಾನೆ, ತತ್ವಪದ, ತಮಟೆಯ ಗತ್ತು, ಹೀಗೆ ಪ್ರತಿ ಕೇರಿಯ ಹಾಡಿಗೂ ಸರದಿ ಬರಲಿ. ಹಾಡಿದವರನ್ನು ಹೆಸರು ಹಿಡಿದು ಮರ್ಯಾದೆಯಿಂದ ಕರೆಯಿರಿ.

3. ಹಾಡು ಮುಗಿದೊಡನೆ ಏಳಬೇಡಿ, ದುಂಡಗೆ ಕೂರಿರಿ. ಅವಮಾನ ಉಂಡವರು ಇಷ್ಟಪಟ್ಟರೆ ಅವರ ಮಾತೇ ಮೊದಲು. ಯಾರನ್ನೂ ಒತ್ತಾಯಿಸಬೇಡಿ. ಹೇಳುವಾಗ ಅಡ್ಡಬಾಯಿ ಹಾಕಬೇಡಿ. “ಅದೆಲ್ಲ ಹಳೆಯ ಕಾಲದ ಮಾತು” ಎಂದು ತಳ್ಳಿಹಾಕಬೇಡಿ. ಹೆಂಗಸರ ಮಾತಿಗೂ ಅಷ್ಟೇ ಹೊತ್ತು ಕೊಡಿ.

4. ಏಳುವ ಮುನ್ನ ಒಂದು ಕೆಲಸ ಒಪ್ಪಿಕೊಳ್ಳಿ: ಹೋಟೆಲಿನ ಬೇರೆ ಲೋಟ ತೆಗೆಸುವುದು, ಮದುವೆಯಲ್ಲಿ ಒಂದೇ ಪಂಕ್ತಿ ಹಾಕಿಸುವುದು, ಇಂಥದ್ದು. ಮುಂದಿನ ಕೂಟದಲ್ಲಿ ಅದರ ಲೆಕ್ಕ ಒಪ್ಪಿಸಿ.

ಮೊದಲ ಸಂಜೆ ಹತ್ತೇ ಜನ ಬಂದರೂ ಬೇಸರ ಬೇಡ. ಅಂಗಡಿಯ ಹಿಂದಿನ ಆ ಕೋಣೆಯಲ್ಲಿಯೂ ಇದ್ದವರು 14 ಮಂದಿಯೇ. ಬರುವ ಹುಣ್ಣಿಮೆಯಿಂದಲೇ ಆರಂಭಿಸಿರಿ.