ಅಸರ್‌ನಿಂದ ಮಗ್ರಿಬ್ ತನಕ ಬಾಯಿಗೆ ಕೆಲಸ

ನಮ್ಮ ಅಡುಗೆ ಕೋಣೆಯ ಕಪಾಟಿನಲ್ಲಿ ಒಂದು ತಗಡಿನ ಡಬ್ಬಿ ಉಂಟು. ಭಾವ ಗಲ್ಫಿನಿಂದ ತಂದ ಹಾಲಿನ ಪುಡಿಯ ಡಬ್ಬಿ. ಪುಡಿ ಮುಗಿದು ಹತ್ತು ವರ್ಷವಾದರೂ ಆಗಿರಬಹುದು. ಅಂದಿನಿಂದ ಅದರೊಳಗೆ ಮಿಕ್ಸ್ಚರ್, ಖಾರಕಡ್ಡಿ, ಬಾಳೆಕಾಯಿ ಚಿಪ್ಸ್; ಯಾರಾದರೂ ಊರಿಗೆ ಬಂದರೆ ಚಾಕಲೇಟು. ಅಸರ್ ನಮಾಝ್ ಮುಗಿಸಿ ಬಂದು, ಟೋಪಿ ಮೊಳೆಗೆ ಸಿಕ್ಕಿಸಿ, ಚಾಯ ಬರುವ ಮೊದಲೇ ನಮ್ಮ ಕೈ ಆ ಡಬ್ಬಿಗೆ ಹೋಗುತ್ತಿತ್ತು. ಮುಚ್ಚಳ ತೆಗೆಯುವಾಗ ‘ಟಪ್’ ಅಂತ ಒಂದು ಶಬ್ದ ಬರ್ತದೆ. ಆ ಶಬ್ದಕ್ಕೆ ಮನೆಯ ಬೆಕ್ಕು ಕೂಡ ಎದ್ದು ಬರುತ್ತಿತ್ತು.

ಕಳೆದ ವರ್ಷ ಆಟಿ ತಿಂಗಳ ಒಂದು ಸಂಜೆ. ಹೊರಗೆ ಜಡಿಮಳೆ. ಎಂಟು ವರ್ಷದ ಮಗಳು ಬಂದು ನಿಂತಳು. “ಬಾಪಾ, ಬೋರ್ ಆಗ್ತದೆ. ತಿನ್ಲಿಕ್ಕೆ ಏನುಂಟು?” ಅಂದಳು. ನಾವು ಡಬ್ಬಿ ಕೊಟ್ಟೆವು. ಅವಳು ಹೋದ ಮೇಲೆ ಯೋಚನೆ ಬಂತು. ಹಸಿವಾಗ್ತದೆ ಅಂತ ಮಗು ಹೇಳಲಿಲ್ಲ. ಬೋರ್ ಆಗ್ತದೆ ಅಂದಿತು. ಅದಕ್ಕೆ ಮದ್ದು ಡಬ್ಬಿಯಲ್ಲಿದೆ ಅಂತ ಅವಳಿಗೆ ಕಲಿಸಿದ್ದು ಯಾರು? ಮದ್ರಸದಲ್ಲಿ ನೂರು ಮಕ್ಕಳಿಗೆ ಪಾಠ ಹೇಳುವ ನಾವು, ಮನೆಯಲ್ಲಿ ಬಾಯಿ ತೆರೆಯದೆಯೇ ಈ ಪಾಠ ಮಾಡಿಬಿಟ್ಟಿದ್ದೆವು.

ಅದೇ ತಿಂಗಳು ಜಮಾಅತಿನ ಯುವಕರು ಮದ್ರಸದ ಹಾಲಿನಲ್ಲಿ ಉಚಿತ ತಪಾಸಣೆ ಇಟ್ಟಿದ್ದರು. ಉಸ್ತಾದರು ಮೊದಲು ಕೈ ಕೊಟ್ಟರೆ ಉಳಿದವರೂ ಬರ್ತಾರೆ ಅಂತ ನಮ್ಮನ್ನೇ ಮುಂದೆ ಕೂರಿಸಿದರು. ಬೆರಳು ಚುಚ್ಚಿದವರು ಮುಖ ನೋಡಿ, ಲ್ಯಾಬಿನಲ್ಲಿ ಮೂರು ತಿಂಗಳ ಸರಾಸರಿಯ ಟೆಸ್ಟ್ ಮಾಡಿಸಿ ಅಂದರು. ಎಚ್‌ಬಿಎ1ಸಿ ಅನ್ನುವ ಟೆಸ್ಟ್. ಫಲಿತಾಂಶ 6.2. ಅದು 5.7ಕ್ಕಿಂತ ಕೆಳಗಿದ್ದರೆ ಚಿಂತೆಯಿಲ್ಲ, 6.5 ಮುಟ್ಟಿದರೆ ಸಕ್ಕರೆ ಕಾಯಿಲೆ. ನಾವು ನಡುವಿನ ಹೊಸ್ತಿಲಲ್ಲಿ ನಿಂತಿದ್ದೆವು. ನಮ್ಮ ಬಾಪನಿಗೆ ಈ ಕಾಯಿಲೆಯಿಂದಲೇ ಕಾಲಿನ ಎರಡು ಬೆರಳು ತೆಗೆಯಬೇಕಾಗಿ ಬಂದದ್ದನ್ನು ಕಣ್ಣಾರೆ ಕಂಡವರು ನಾವು. ಆ ಗಾಯಕ್ಕೆ ಬಟ್ಟೆ ಕಟ್ಟುವ ಕೆಲಸ ನಮ್ಮದೇ ಆಗಿತ್ತು.

ಹೊಸ್ತಿಲಲ್ಲಿ ನಿಂತವರು ನಾವೊಬ್ಬರೇ ಅಲ್ಲ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಉಂಟು, 13 ಕೋಟಿಗೂ ಹೆಚ್ಚು ಜನ ಹೊಸ್ತಿಲಲ್ಲಿದ್ದಾರೆ. ನಮ್ಮ ಮೊಹಲ್ಲಾದಲ್ಲಿ ಜುಮಾ ಮುಗಿಸಿ ಹೊರಗೆ ಬರುವವರ ಮಾತು ಕೇಳಿದರೆ ಸಾಕು. ಮೊದಲು ಮನೆ ಕಟ್ಟುವ ವಿಷಯ, ಆಮೇಲೆ ಶುಗರಿನ ವಿಷಯ.

ಒಂದು ವಾರ ನಾವು ಏನು ತಿನ್ನುತ್ತೇವೆ ಅಂತ ಹಳೆಯ ಹಾಜರಿ ಪುಸ್ತಕದ ಹಿಂದೆ ಬರೆದಿಟ್ಟೆವು. ಮನೆಯಾಕೆ ನಗಾಡಿದಳು. ಬೆಳಗ್ಗಿನ ನಾಷ್ಟಾ, ಮಧ್ಯಾಹ್ನದ ಊಟ, ರಾತ್ರಿಯದ್ದು ಎಲ್ಲ ಮಿತಿಯಲ್ಲೇ ಇತ್ತು. ಅಸರ್‌ನಿಂದ ಮಗ್ರಿಬ್ ತನಕದ ಎರಡೂವರೆ ಗಂಟೆಯ ಲೆಕ್ಕ ಮಾತ್ರ ಪುಟ ತುಂಬಿತು. ಎರಡು ಲೋಟ ಚಾಯ, ಒಂದೊಂದಕ್ಕೆ ಎರಡೂವರೆ ಚಮಚ ಸಕ್ಕರೆ. ಡಬ್ಬಿಯಿಂದ ನಾಲ್ಕು ಹಿಡಿ. ನೆರೆಮನೆಯಿಂದ ಬಂದ ಗೋಳಿಬಜೆ. ಪೇಟೆಗೆ ಹೋದ ದಿನ ಸಮೋಸ, ಬನ್ಸ್. ದಿನಕ್ಕೆ ಸುಮಾರು ಆರು ಚಮಚದೊಳಗೆ ಸಕ್ಕರೆ ಇದ್ದರೆ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ಐದು ಚಮಚ ಸಂಜೆಯ ಚಾಯದಲ್ಲೇ ಮುಗಿಯುತ್ತಿತ್ತು.

ಈ ರೂಢಿ ನಮ್ಮ ಉಮ್ಮನ ಕಾಲದಲ್ಲಿ ಇರಲಿಲ್ಲ. ಯಾಕೆ ಇರಲಿಲ್ಲ ಅಂತ ಯೋಚಿಸಿದರೆ ಬೀಡಿ ನೆನಪಾಗುತ್ತದೆ. ನಮ್ಮ ಎಷ್ಟೋ ಮನೆಗಳಲ್ಲಿ ಸಂಜೆಯೆಂದರೆ ಬೀಡಿಯ ಹೊತ್ತು. ಉಮ್ಮ ಜಗಲಿಯಲ್ಲಿ ಕಾಲು ಚಾಚಿ, ಮಡಿಲಲ್ಲಿ ತಡ್ಪೆ ಇಟ್ಟು, ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ ಸುರುಟಿ ನೂಲು ಸುತ್ತುತ್ತಿದ್ದರು. ಕತ್ತಲಾಗುವ ಮೊದಲು ಕಟ್ಟು ಕಟ್ಟಿ ಮುಗಿಯಬೇಕು, ಇಲ್ಲದಿದ್ದರೆ ಮರುದಿನ ಬ್ರಾಂಚಿನಲ್ಲಿ ಲೆಕ್ಕ ಕಡಿಮೆ. ಹೊಗೆಸೊಪ್ಪಿನ ಕೈಯಲ್ಲಿ ಯಾರು ಮಿಕ್ಸ್ಚರ್ ತಿನ್ನುತ್ತಾರೆ? ಒಂದು ಲೋಟ ಕಣ್ಣ ಚಾಯ, ಜೊತೆಗೆ ಒಂದು ತುಂಡು ಬೆಲ್ಲ. ಅಷ್ಟೇ. ಆ ಕಾಲವೇ ಚೆಂದ ಇತ್ತು ಅಂತ ನಾವು ಹೇಳುವುದಿಲ್ಲ. ಆ ಕೆಮ್ಮು, ಆ ಸೊಂಟ ನೋವು ಉಮ್ಮನನ್ನು ಕೊನೆಯ ತನಕ ಬಿಡಲಿಲ್ಲ. ಬೀಡಿ ಹೋದದ್ದು ಒಳ್ಳೆಯದೇ ಆಯಿತು. ಆದರೆ ಕೈಗೆ ಇದ್ದ ಕೆಲಸ ಹೋಯಿತು, ಅದರ ಜಾಗಕ್ಕೆ ಒಂದು ಕೈಗೆ ಮೊಬೈಲ್, ಇನ್ನೊಂದು ಕೈಗೆ ಪ್ಯಾಕೆಟ್ ಬಂತು.

ನಮ್ಮ ವಿದ್ಯಾರ್ಥಿಯೊಬ್ಬನ ತಾಯಿ ಒಮ್ಮೆ ಹೇಳಿದರು: “ಉಸ್ತಾದ್, ಇವರು ದುಬೈಯಿಂದ ಫೋನ್ ಮಾಡುವುದು ಇಶಾ ಆದ ಮೇಲೆ. ಅಲ್ಲಿಯ ತನಕ ಹೊತ್ತೇ ಹೋಗುವುದಿಲ್ಲ. ತಿಂತಾ ಕೂತರೆ ಹೇಗೋ ಹೋಗ್ತದೆ.” ಅದಕ್ಕೆ ನಮ್ಮ ಬಳಿ ಉತ್ತರ ಇರಲಿಲ್ಲ. ಕಮ್ಮಿ ತಿನ್ನಿ ಅಂತ ಅವರಿಗೆ ಉಪದೇಶ ಮಾಡುವುದು ಸುಲಭ. ಅವರಿಗೆ ಬೇಕಾದ್ದು ತಿಂಡಿಯೂ ಅಲ್ಲ, ಉಪದೇಶವೂ ಅಲ್ಲ, ಮಾತಾಡಲಿಕ್ಕೆ ಒಬ್ಬರು ಜನ. ಈಗ ಅವರೂ ಪಕ್ಕದ ಮೂರು ಮನೆಯವರೂ ಸೇರಿ ಸಂಜೆ ಅಂಗಳದಲ್ಲಿ ಮಲ್ಲಿಗೆ ಗಿಡ, ಬಸಳೆ ಚಪ್ಪರ ಮಾಡಿದ್ದಾರೆ. ತಿನ್ನುವುದು ಪೂರ್ತಿ ನಿಂತಿತಾ ಅಂತ ನಾವು ಕೇಳಲಿಲ್ಲ.

ಹಾಗಂತ ಸಂಜೆಯ ಹಸಿವೆಲ್ಲ ಸುಳ್ಳು ಅಲ್ಲ. ಒಂದು ಗಂಟೆಗೆ ಉಂಡವರು ರಾತ್ರಿ ಉಣ್ಣುವುದು ಒಂಬತ್ತಕ್ಕೆ. ಶಾಲೆ ಬಿಟ್ಟು ಬಂದ ಮಕ್ಕಳ ಹೊಟ್ಟೆ ನಿಜವಾಗಿಯೂ ಖಾಲಿ. ಅವರಿಗೆ ಹೊಟ್ಟೆ ತುಂಬ ಕೊಡಬೇಕು. ನಾವು ನಮ್ಮ ಮೇಲೆ ಮಾಡಿದ ಪರೀಕ್ಷೆ ಇದು: ಈಗ ಯಾರಾದರೂ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ ತಂದಿಟ್ಟರೆ ತಿನ್ನುತ್ತೇವಾ? ತಿನ್ನುತ್ತೇವೆ ಅಂತಾದರೆ ಅದು ಹಸಿವು, ಕೂತು ತಿನ್ನಿ. ಗಂಜಿ ಬೇಡ, ಚಿಪ್ಸ್ ಮಾತ್ರ ಆಗಬಹುದು ಅಂತಾದರೆ ಅದು ಉದಾಸೀನ. ಹತ್ತರಲ್ಲಿ ಎಂಟು ದಿನ ನಮಗೆ ಗಂಜಿ ಬೇಡವಾಗಿತ್ತು.

ಒಂದು ಮಾತು ಡಾಕ್ಟರು ತಿಳಿಸಿದ್ದು. ದಿನಾ ಒಂದೇ ಹೊತ್ತಿಗೆ ತಿಂದರೆ, ಹಸಿವು ತರುವ ಘ್ರೆಲಿನ್ ಎಂಬ ಹಾರ್ಮೋನು ಆ ಹೊತ್ತಿಗೆ ಮೊದಲೇ ಏರಲಿಕ್ಕೆ ಕಲಿಯುತ್ತದಂತೆ. ಆದ್ದರಿಂದ ಬಿಟ್ಟ ಮೊದಲ ಕೆಲವು ದಿನ ಹೊಟ್ಟೆ ನಿಜವಾಗಿಯೇ ಕರೆಯುತ್ತದೆ, ಹೆದರಬೇಡಿ ಅಂದರು. ಇನ್ನೊಂದು ಮಾತನ್ನೂ ಹೇಳಿದರು: ಈಗಾಗಲೇ ಶುಗರಿನ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ತಮ್ಮಷ್ಟಕ್ಕೆ ತಿಂಡಿ ಬಿಡಬಾರದು. ಸಕ್ಕರೆ ಇಳಿದು ತಲೆ ತಿರುಗಿ ಬೀಳಬಹುದು. ಕೇಳಿಯೇ ಬಿಡಬೇಕು.

ಮೊದಲು ಮಾಡಿದ ಕೆಲಸ, ಡಬ್ಬಿಯನ್ನು ಅಟ್ಟದ ಮೇಲೆ ಇಟ್ಟದ್ದು. ಏಣಿ ಹಾಕಿ ಹತ್ತಬೇಕು. ನಮ್ಮ ಮೈಭಾರಕ್ಕೆ ಆ ಏಣಿ ಕಿರ್ ಅನ್ನುತ್ತದೆ, ಮನೆಯವರಿಗೆಲ್ಲ ಗೊತ್ತಾಗುತ್ತದೆ. ಆ ನಾಚಿಕೆಯೇ ಅರ್ಧ ಕೆಲಸ ಮಾಡಿತು. ಎರಡನೆಯದು, ಅಸರ್ ಮುಗಿಸಿ ನೇರ ಮನೆಗೆ ಬರುವುದನ್ನು ಬಿಟ್ಟೆವು. ಮಸೀದಿಯಿಂದ ಹೊಳೆಬದಿಯ ತನಕ ನಡೆದು ಹೋಗಿ ಬರುತ್ತೇವೆ, ಮಗಳೂ ಜೊತೆಗೆ. ಬಂದ ಮೇಲೆ ಚಾಯ, ಅರ್ಧ ಚಮಚ ಸಕ್ಕರೆ. ಹಸಿವಿದ್ದರೆ ಬೇಯಿಸಿದ ಕಡಲೆ, ಇಲ್ಲವೇ ಒಂದು ಬಾಳೆಹಣ್ಣು, ತಟ್ಟೆಗೆ ಹಾಕಿ, ಮೊಬೈಲ್ ಒಳಗಿಟ್ಟು. ಉಳಿದ ಹೊತ್ತಿಗೆ ಮದ್ರಸದ ಹರಿದ ಕಿತಾಬುಗಳನ್ನು ತಂದು ಬೈಂಡ್ ಮಾಡಲಿಕ್ಕೆ ಕೂತೆವು. ಕೈಗೆ ಗೋಂದು ಹತ್ತಿದರೆ, ಉಮ್ಮನ ಹೊಗೆಸೊಪ್ಪಿನ ಹಾಗೆ, ಬಾಯಿಗೆ ಹೋಗುವುದಿಲ್ಲ.

ಮೂರನೆಯ ವಾರ ನಾವು ಬಿದ್ದೆವು. ಗಾಳಿ ಮಳೆ, ಕರೆಂಟಿಲ್ಲ, ನಡೆಯಲಿಕ್ಕೆ ಹೋಗುವ ಹಾಗಿಲ್ಲ, ಬೈಂಡಿಂಗಿಗೆ ಬೆಳಕಿಲ್ಲ. ಏಣಿ ಹತ್ತಿದೆವು. ಅರ್ಧ ಕಿಲೋ ಬಾಳೆಕಾಯಿ ಚಿಪ್ಸ್ ಕತ್ತಲೆಯಲ್ಲಿ ಮುಗಿಸಿದೆವು. ಕೆಳಗೆ ಮಗಳು ಟಾರ್ಚ್ ಹಿಡಿದು ನಿಂತಿದ್ದಳು. “ಬಾಪಾ, ಗಂಜಿ ಬೇಕಾ?” ಅಂತ ಕೇಳಿದಳು. ಅಷ್ಟು ನಾಚಿಕೆ ಯಾವ ಖತೀಬರ ಪ್ರಸಂಗದಲ್ಲೂ ಆಗಿರಲಿಲ್ಲ.

ರಮಝಾನಿನಲ್ಲಿ ಇದೇ ಹೊಟ್ಟೆ ಅಸರ್ ದಾಟಿ ಮಗ್ರಿಬ್ ತನಕ ಒಂದು ಹನಿ ನೀರಿಲ್ಲದೆ ಇರುತ್ತದೆ. ಮೂವತ್ತು ದಿನ ಆಗುವುದು ಮೂವತ್ತೊಂದನೆಯ ದಿನ ಯಾಕೆ ಆಗುವುದಿಲ್ಲ ಎಂಬ ಪ್ರಶ್ನೆಗೆ ನಮ್ಮ ಉತ್ತರ ಇಷ್ಟೇ: ಅಲ್ಲಿ ನಿಯ್ಯತ್ ಉಂಟು, ಜೊತೆಗೆ ಜನ ಉಂಟು. ಇಫ್ತಾರಿನಲ್ಲಿ ಅದೇ ಸಮೋಸ, ಅದೇ ಪೋಡಿ, ದುಪ್ಪಟ್ಟು ಎಣ್ಣೆಯಲ್ಲಿ ಕಾಯುತ್ತಿರುತ್ತದೆ ಎಂಬುದು ಬೇರೆ ಮಾತು. ಅದರ ಬಗ್ಗೆ ಬರೆದರೆ ಮನೆಯಾಕೆಯರು ನಮ್ಮ ಮೇಲೆ ಸಿಟ್ಟಾದಾರು. ಇಮಾಮ್ ಗಝಾಲಿಯವರು ಇಹ್ಯಾದಲ್ಲಿ ಹೊಟ್ಟೆಯ ಆಸೆಗಾಗಿಯೇ ಒಂದು ಪ್ರತ್ಯೇಕ ಭಾಗ ಬರೆದಿದ್ದಾರೆ. ದರ್ಸಿನಲ್ಲಿ ಓದಿದಾಗ ಅದು ಬೇರೆ ಯಾರಿಗೋ ಬರೆದದ್ದು ಅಂತ ಕಂಡಿತ್ತು.

ಎಲ್ಲಕ್ಕಿಂತ ಕಷ್ಟವಾದದ್ದು ನೆರೆಮನೆಯ ತಟ್ಟೆ. ಉಸ್ತಾದರಿಗೆ ಅಂತ ಪ್ರೀತಿಯಿಂದ ಮಕ್ಕಳ ಕೈಯಲ್ಲಿ ಕಳಿಸುವ ನೈಯಪ್ಪ, ಗೋಳಿಬಜೆ. ಬೇಡ ಅಂದರೆ ಬೇಸರ, ಬೇಕು ಅಂದರೆ 6.2. ಕೊನೆಗೆ ಒಂದು ದಿನ ಮಕ್ಕಳಿಗೆ ನಮ್ಮ ಲ್ಯಾಬಿನ ಚೀಟಿಯನ್ನೇ ತೋರಿಸಿ ವಿಷಯ ಹೇಳಿದೆವು. ಮರುದಿನ ಎರಡು ಮನೆಯ ತಾಯಂದಿರು ತಮ್ಮ ಚೀಟಿಯನ್ನೂ ಕಳಿಸಿದರು, ಇದು ಎಷ್ಟು ಅಂತ ನೋಡಿ ಹೇಳಿ ಉಸ್ತಾದ್ ಅಂತ. ಒಂದರಲ್ಲಿ 7.8 ಇತ್ತು. ಆ ಮನೆಯವರನ್ನು ಅದೇ ವಾರ ಡಾಕ್ಟರ ಬಳಿ ಕಳಿಸಿದೆವು.

ಆರು ತಿಂಗಳ ನಂತರ ನಮ್ಮದು 5.9ಕ್ಕೆ ಇಳಿದಿತ್ತು. ಇನ್ನೂ ಹೊಸ್ತಿಲಲ್ಲೇ ಇದ್ದೇವೆ. ಡಬ್ಬಿ ಅಟ್ಟದಿಂದ ಇಳಿದಿದೆ. ಅದರಲ್ಲಿ ಈಗ ಗೋಂದು, ನೂಲು, ದಬ್ಬಣ, ಕತ್ತರಿ. ಮುಚ್ಚಳ ತೆಗೆದರೆ ‘ಟಪ್’ ಅನ್ನುತ್ತದೆ, ಬೆಕ್ಕು ಇವತ್ತಿಗೂ ಎದ್ದು ಬರುತ್ತದೆ.