ಹಲಗಲಿಯಿಂದ .32ರವರೆಗೆ: ಕಾಯ್ದೆ ಆರಿಸಿದ ತೋಟಾ

ಭಾರತದಲ್ಲಿ ಪರವಾನಗಿ ಪಡೆದ ನಾಗರಿಕರ ಕೈಯಲ್ಲಿ ಹೆಚ್ಚಾಗಿ ಕಾಣುವ ಕೈಬಂದೂಕು .32 ಬೋರಿನದು. ಈ ಸಂಖ್ಯೆ ಇಂಚಿನ ಲೆಕ್ಕದಲ್ಲಿ ಗುಂಡಿನ ಅಡ್ಡಳತೆ. ಮಿಲಿಮೀಟರಿನಲ್ಲಿ ಎಂಟರ ಆಸುಪಾಸು. ರಿವಾಲ್ವರಿಗೆ ಹಾಕುವ .32 ಸ್ಮಿತ್ ಅಂಡ್ ವೆಸನ್ ಲಾಂಗ್ ತೋಟಾ ಅಮೆರಿಕದಲ್ಲಿ 1896ರಲ್ಲಿ ಹುಟ್ಟಿತು. ಪಿಸ್ತೂಲಿನ .32 ತೋಟಾ ಜಾನ್ ಬ್ರೌನಿಂಗ್ ವಿನ್ಯಾಸದ್ದು, 1899ರದು. ಎರಡೂ ಮನುಷ್ಯರಿಂದ ರಕ್ಷಣೆಗೆಂದು ಬಂದವು. ಬೇಟೆಗಾಗಲಿ, ಬಾಗಲಕೋಟೆ ಜಿಲ್ಲೆಯ ಬಾಡಗಂಡಿ ಸೀಮೆಯ ಕಬ್ಬಿನ ಹೊಲಕ್ಕೆ ನುಗ್ಗುವ ಕಾಡುಹಂದಿಗಾಗಲಿ ಯಾರೂ ಇವನ್ನು ಲೆಕ್ಕ ಹಾಕಿ ಮಾಡಲಿಲ್ಲ. ಆದರೂ ನಾಗರಿಕರ ಪಾಲಿಗೆ ಉಳಿದದ್ದು ಇವೇ. ಅದರ ಕಾರಣ ಕಾಯ್ದೆಯಲ್ಲಿದೆ, ಆ ಕಾಯ್ದೆಯ ಮೊದಲ ಪೆಟ್ಟು ಬಿದ್ದ ಊರುಗಳಲ್ಲಿ ಒಂದು ಇದೇ ಸೀಮೆಯಲ್ಲಿದೆ.

1857ರ ದಂಗೆಯ ಬೆನ್ನಿಗೆ ಕಂಪನಿ ಸರ್ಕಾರ ಜನರ ಆಯುಧ ಕಸಿಯುವ ಕಾಯ್ದೆ ತಂದಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರಿಗೆ ಬೇಟೆಯೇ ಬದುಕು; ಹತಾರ ಒಪ್ಪಿಸುವುದೆಂದರೆ ಅನ್ನ ಒಪ್ಪಿಸಿದ ಹಾಗೆ. ಜಡಗ, ಬಾಲ, ರಾಮ, ಹನುಮ ಮುಂದಾಳುಗಳಾಗಿ ಊರು ತಿರುಗಿಬಿತ್ತು. ನವೆಂಬರ್ ಕೊನೆಯಲ್ಲಿ ಬ್ರಿಟಿಷ್ ಪಡೆ ಊರನ್ನು ಮುತ್ತಿ ಬೆಂಕಿ ಇಟ್ಟಿತು. ಡಿಸೆಂಬರಿನಲ್ಲಿ 19 ಮಂದಿಯನ್ನು ಗಲ್ಲಿಗೇರಿಸಲಾಯಿತು. ಈ ಸಂಗತಿಯನ್ನು ನೆನಪಿನಲ್ಲಿ ಉಳಿಸಿದ್ದು ಲಾವಣಿ, ಅದನ್ನು ಬ್ರಿಟಿಷ್ ಅಧಿಕಾರಿ ಜೆ. ಎಫ್. ಫ್ಲೀಟ್ ಸಂಗ್ರಹಿಸಿ ಅಚ್ಚಿಗೆ ತಂದರು. ಬೇಟೆಗಾರನ ಆಯುಧದ ಮೇಲೆ ಸರ್ಕಾರದ ಕೈ ಬಿದ್ದ ಕಥೆಗೆ ಕನ್ನಡ ನಾಡಿನಲ್ಲಿ ಇದಕ್ಕಿಂತ ಕಟುವಾದ ಉದಾಹರಣೆ ಇಲ್ಲ.

1878ರ ಶಸ್ತ್ರ ಕಾಯ್ದೆ ಪರವಾನಗಿ ಪದ್ಧತಿಯನ್ನು ಗಟ್ಟಿ ಮಾಡಿತು. ಮುಂದೆ ಬಂದೂಕಿನ ಜೊತೆಗೆ ತೋಟಾದ ಮೇಲೂ ಕಣ್ಣು ಬಿತ್ತು. ಸೈನ್ಯದ ಬಂದೂಕಿಗೆ ಹೊಂದುವ ಗುಂಡು ಜನರ ಕೈಗೆ ಸಿಗಬಾರದೆಂಬ ಭಯದಿಂದ 20ನೇ ಶತಮಾನದ ಮೊದಲ ದಶಕದಲ್ಲಿ .450 ಬೋರಿನ ಬೇಟೆ ತೋಟಾಗಳ ಆಮದನ್ನು ನಿಲ್ಲಿಸಲಾಯಿತು. ಇಂಗ್ಲೆಂಡಿನ ಬಂದೂಕು ತಯಾರಕರು ಆ ನಿಷೇಧದಿಂದ ತಪ್ಪಿಸಿಕೊಳ್ಳಲು .465, .470ರಂಥ ಹೊಸ ಅಳತೆಗಳನ್ನು ಹೊರತಂದರು. ಸ್ವತಂತ್ರ ಭಾರತದ 1959ರ ಕಾಯ್ದೆಯಡಿಯೂ ಅದೇ ಧೋರಣೆ ಮುಂದುವರಿಯಿತು: .303, .38, 9 ಮಿ.ಮೀ. ಮುಂತಾದ ಸೈನ್ಯ-ಪೊಲೀಸ್ ಅಳತೆಗಳು ನಿಷೇಧಿತ ಬೋರ್‌ಗಳಾದವು. ಕೈಬಂದೂಕಿನಲ್ಲಿ ಸಾಮಾನ್ಯನಿಗೆ ಸುಲಭವಾಗಿ ದಕ್ಕಿದ್ದು .32. ಕಾನ್ಪುರದ ಸರ್ಕಾರಿ ಕಾರ್ಖಾನೆ ಈ ಬೋರಿನ ಆರು ಗುಂಡಿನ ರಿವಾಲ್ವರ್ ತಯಾರಿಸಿತು.

ಕಾಡುಪ್ರಾಣಿಯ ಎದುರು ಕೈಬಂದೂಕು ಹಿಡಿಯುವ ರೂಢಿ ಹೊಸದಲ್ಲ. ಆನೆಯ ಅಂಬಾರಿಯ ಮೇಲೇರಿ ಬರುವ ಗಾಯಗೊಂಡ ಹುಲಿಯನ್ನು ತಡೆಯಲೆಂದು 19ನೇ ಶತಮಾನದ ಬ್ರಿಟಿಷ್ ಬೇಟೆಗಾರರು ದಪ್ಪ ನಳಿಗೆಯ ‘ಹೌಡಾ ಪಿಸ್ತೂಲು’ ಇಟ್ಟುಕೊಳ್ಳುತ್ತಿದ್ದರು. ಅಮೆರಿಕದಲ್ಲಿ 1935ರ .357 ಮ್ಯಾಗ್ನಮ್, 1955ರ .44 ಮ್ಯಾಗ್ನಮ್ ಬಂದ ಮೇಲೆ ಕೈಬಂದೂಕಿನಿಂದ ಜಿಂಕೆ ಹೊಡೆಯುವುದು, ಕರಡಿಯಿಂದ ಪಾರಾಗುವುದು ಅಲ್ಲಿನ ಒಂದು ಪದ್ಧತಿಯೇ ಆಯಿತು.

ಆ ತೋಟಾಗಳಿಗೂ .32ಕ್ಕೂ ಇರುವ ವ್ಯತ್ಯಾಸ ಅಂಕಿಗಳಲ್ಲಿ ಕಾಣುತ್ತದೆ. .32 ರಿವಾಲ್ವರಿನ ಗುಂಡು ಆರು ಗ್ರಾಮಿಗೆ ತುಸು ಹೆಚ್ಚು ತೂಗುತ್ತದೆ, ಸೆಕೆಂಡಿಗೆ ಸುಮಾರು 215 ಮೀಟರ್ ವೇಗದಲ್ಲಿ ಹೊರಡುತ್ತದೆ. ಅದರ ಶಕ್ತಿ 150 ಜೂಲ್ ಆಸುಪಾಸು. .357ರದು ಸುಮಾರು 700, .44ರದು 1,200 ದಾಟುತ್ತದೆ. 12 ಬೋರಿನ ಬಂದೂಕಿನ ಒಂಟಿ ಗುಂಡು 28 ಗ್ರಾಂ ತೂಕದ್ದಾದರೆ 3,000 ಜೂಲಿಗೂ ಮೇಲೆ ಹೋಗಬಲ್ಲದು. ಬಲಿತ ಗಂಡು ಹಂದಿಯ ಹೆಗಲ ಮೇಲೆ ದಪ್ಪ ಚರ್ಮದಡಿ ಗಡುಸು ನಾರಿನ ಪದರವೊಂದು ಗುರಾಣಿಯಂತೆ ಇರುತ್ತದೆ. ಅದನ್ನು ಸೀಳಿ ಎದೆಗೂಡಿಗೆ ಇಳಿಯಲು ಗುಂಡಿಗೆ ತೂಕ ಬೇಕು, ಆಳಕ್ಕೆ ಹೋಗುವ ಕಸುವು ಬೇಕು. .32 ಗುಂಡು ಹಂದಿಯನ್ನು ಕೆಡವುವುದಕ್ಕಿಂತ ಕೆರಳಿಸುವುದೇ ಹೆಚ್ಚು. ಗಾಯಗೊಂಡ ಹಂದಿ ಕಬ್ಬಿನ ಸಾಲಿನೊಳಗೆ ಅಡಗಿದರೆ ಮರುದಿನ ಬೆಳಗ್ಗೆ ನೀರು ಹಾಯಿಸಲು ಬರುವವನ ಜೀವಕ್ಕೆ ಅಪಾಯ. ಹೊಲದ ಕಾವಲಿಗೆ .32 ತಕ್ಕ ತೋಟಾ ಅಲ್ಲವೇ ಅಲ್ಲ.

ಕಾಯ್ದೆಯೂ ಇದನ್ನೇ ಹೇಳುತ್ತದೆ. 1959ರ ಕಾಯ್ದೆಯ 13ನೇ ಕಲಮು ಬೆಳೆ ರಕ್ಷಣೆಗೆಂದು ಹೆಸರಿಸುವುದು ನಳಿಗೆಯ ಬಾಯಿಂದ ಮದ್ದು ತುಂಬುವ ಬಂದೂಕನ್ನು. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಕನಿಷ್ಠ 20 ಇಂಚು ನಳಿಗೆಯ, ಒಳಮೈ ನುಣುಪಾದ ಬೇರೆ ಬಂದೂಕಿಗೆ ಪರವಾನಗಿ ಕೊಡಬಹುದು. ಬೆಳೆ ರಕ್ಷಣೆಯ ಆ ಮಾತಿನಲ್ಲಿ ರಿವಾಲ್ವರಿಗೆ ಜಾಗವಿಲ್ಲ.

ಆದರೆ ಬಂದೂಕು ಇಟ್ಟುಕೊಳ್ಳುವ ಪರವಾನಗಿ ಪ್ರಾಣಿ ಕೊಲ್ಲುವ ಪರವಾನಗಿಯಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸುತ್ತದೆ. ತನ್ನ ಅಥವಾ ಇನ್ನೊಬ್ಬರ ಪ್ರಾಣ ಉಳಿಸಲು ಸದುದ್ದೇಶದಿಂದ ಕೊಂದರೆ ಅಪರಾಧವಿಲ್ಲ ಎಂದು 11ನೇ ಕಲಮು ಹೇಳುತ್ತದೆ. ಆ ಹೊತ್ತಿಗೆ ಕಾಯ್ದೆ ಮುರಿಯುವ ಕೆಲಸದಲ್ಲಿದ್ದವನಿಗೆ ಆ ರಕ್ಷಣೆ ಇಲ್ಲ. ಹಾಗೆ ಸತ್ತ ಪ್ರಾಣಿ ಸರ್ಕಾರದ ಸ್ವತ್ತು.

ಹಲಗಲಿಯ ಸೀಮೆಯಲ್ಲೇ, ಬೀಳಗಿ ಮತ್ತು ಮುಧೋಳ ತಾಲ್ಲೂಕುಗಳ ನಡುವೆ ಹಬ್ಬಿರುವ ಯಡಹಳ್ಳಿಯ ಸುಮಾರು 96 ಚದರ ಕಿಲೋಮೀಟರ್ ಕುರುಚಲು ಕಾಡು 2016ರಲ್ಲಿ ಚಿಂಕಾರ ವನ್ಯಜೀವಿ ಧಾಮವಾಯಿತು. ಮುಖ್ಯ ವನ್ಯಜೀವಿ ಪರಿಪಾಲಕರ ಅಥವಾ ಅಧಿಕೃತ ಅಧಿಕಾರಿಯ ಲಿಖಿತ ಅನುಮತಿ ಇಲ್ಲದೆ ಅದರೊಳಗೆ ಯಾವ ಬೋರಿನ ಬಂದೂಕನ್ನೂ ಒಯ್ಯುವಂತಿಲ್ಲ.